ಸಂತ ಅನ್ನಮ್ಮನ ಬೆಚ್ಚನೆ ಗೋಡೆ

ಪೆತಿತ್-ಆನ್ಸ್, ನೋವಾ ಸ್ಕೋಷಿಯಾ
24 ಸೆಪ್ಟೆಂಬರ್ 1995

ಪ್ರೀತಿಯ ಮಗಳು ಒಡೆಟ್‌ಗೆ,

ಮರಿಯಮ್ಮ ನಿನ್ನನ್ನು ಕಾಪಾಡಲಿ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ತನ್ನ ಪಾಡಿಗೆ ತಾನು ನೋಯುತ್ತದೆ. ಫೋನು ಮಾಡು ಅನ್ನುತ್ತೀ. ಫೋನಿನಲ್ಲಿ ನನಗೆ "ಹೂಂ, ಸರಿ, ಇಡ್ಲಾ?" ಬಿಟ್ಟು ಬೇರೆ ಮಾತು ಬರುವುದಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಸಂತ ಅನ್ನಮ್ಮನ ಇಗರ್ಜಿಗೆ ಏನೋ ಆಗಿದೆ. ಪಕ್ಕದ ಬಾಗಿಲು ಹಾಕಿದರೆ ಕೂರುವುದಿಲ್ಲ, ಭುಜ ಕೊಟ್ಟು ತಳ್ಳಬೇಕು. ಸಂತ ಜೋಸೆಫರ ಪ್ರತಿಮೆ ಇರುವ ಕಡೆ ನೆಲ ವಾಲಿದೆ. ಹೋದ ಭಾನುವಾರ ಪಕ್ಕದ ಮನೆಯ ಜೆರ್ಮೇನಳ ಜಪಸರ ಕಿತ್ತುಹೋಯಿತು. ಮಣಿಗಳೆಲ್ಲ ಉರುಳಿಕೊಂಡು ಹೋಗಿ ಸಂತ ಜೋಸೆಫರ ಪಾದದ ಹತ್ತಿರವೇ ನಿಂತವು. "ನೋಡ್ರೇ, ನನ್ಗಿಂತ ನನ್ನ ಮಣಿಗೇ ಭಕ್ತಿ ಜಾಸ್ತಿ" ಅಂದಳು. ಎಲ್ಲರೂ ನಕ್ಕರು. ಫಾದರ್ ಆನ್ಸೆಲ್ಮ್ ನಗಲಿಲ್ಲ. ಬಿಷಪ್ಪರ ಕಚೇರಿಯಿಂದ ಅವರಿಗೆ ಆಗಲೇ ಪತ್ರ ಬಂದಿತ್ತಂತೆ. ತಿಳಿದವರಿಂದ ಕಟ್ಟಡ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬೀಗ ಹಾಕಬೇಕು.

ನಗರದ ಕಂಪನಿಯವರನ್ನು ಕರೆಸುವ ಶಕ್ತಿ ನಮಗೆಲ್ಲಿದೆ? ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ನಾನು ಎದ್ದು ನಿಂತು ಹೇಳಿಬಿಟ್ಟೆ, "ನನ್ನ ಮಗ್ಳು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೊನೇ ವರ್ಷ ಓದ್ತಿದಾಳೆ. ವಿಶ್ವವಿದ್ಯಾಲಯನೇ ಬಂದು ನೋಡ್ಲಿ."

ಜೆರ್ಮೇನ್ ಪಕ್ಕದಿಂದ, "ಅದೇನು ಆಂಬುಲೆನ್ಸಾ, ಕರೆದ ತಕ್ಷಣ ಬರೋಕೆ?" ಅಂದಳು.

ಬರುತ್ತದೆ ತಾನೆ? ನಿನಗೆ ಜ್ಞಾನಸ್ನಾನ ಆದದ್ದು ಈ ಇಗರ್ಜಿಯಲ್ಲಿ. ನಿನ್ನ ಅಪ್ಪನನ್ನು ಕಳಿಸಿಕೊಟ್ಟದ್ದೂ ಇಲ್ಲಿಂದಲೇ. ಇದನ್ನು ಉಳಿಸಿಕೊಡು ಮಗಳೇ. ನಿನ್ನನ್ನು ಇನ್ನೇನೂ ಕೇಳುವುದಿಲ್ಲ.

ನಿನ್ನ ಅಮ್ಮ
ಲಿಯೊನಿ

*

8 ಅಕ್ಟೋಬರ್ 1995

ಪ್ರೀತಿಯ ಅಮ್ಮ,

ಕ್ರೌಡಿಸ್ ಸರ್ ಒಪ್ಪಿದ್ದಾರೆ. ಅವರು ನಮ್ಮ ಸಿವಿಲ್ ವಿಭಾಗದ ಹಿರಿಯ ಪ್ರೊಫೆಸರ್. ನನ್ನ ಕೊನೆಯ ವರ್ಷದ ಕೆಲಸಕ್ಕೆ ನಮ್ಮ ಇಗರ್ಜಿಯನ್ನೇ ತೆಗೆದುಕೊಳ್ಳಬಹುದಂತೆ. ವರದಿ ನಾನು ಬರೆಯುವುದು, ಅವರು ನೋಡಿ ಸಹಿ ಹಾಕುವುದು.

ಆದರೆ ಅಮ್ಮ, ನೀನು ಸಭೆಯಲ್ಲಿ ಹೇಳಿದ ಹಾಗೆ ಎದ್ದು ಬರುವುದಕ್ಕೆ ವಿಶ್ವವಿದ್ಯಾಲಯ ಅನ್ನುವುದು ಒಬ್ಬ ಮನುಷ್ಯ ಅಲ್ಲ. ಇಲ್ಲಿ ಹಲವು ವಿಭಾಗಗಳಿವೆ, ಒಂದೊಂದರಲ್ಲೂ ‘ಶಾಲೆ’ ಅಂತ ಕರೆಯುವ ನಾಲ್ಕಾರು ಒಳವಿಭಾಗಗಳಿವೆ. ಮಣ್ಣು ನೋಡುವವರದು ಒಂದು ಕಟ್ಟಡ, ಮರ ನೋಡುವವರದು ಇನ್ನೊಂದು. ಶಾಖ, ಗಾಳಿ, ಯಂತ್ರದವರು ರಸ್ತೆಯಾಚೆ. ವಾಸ್ತುಶಿಲ್ಪದವರಿಗೆ ಹಳೇ ಅಂಚೆ ಕಚೇರಿ ಕೊಟ್ಟಿದ್ದಾರೆ, ಅವರು ಅಲ್ಲಿಂದ ಇಳಿಯುವುದೇ ಇಲ್ಲ. ಜಾಕೆಟ್ಟಿನ ಬಣ್ಣ ಬೇರೆ, ಕ್ಯಾಂಟೀನು ಬೇರೆ, ಹಾಡು ಬೇರೆ. ನಾನು ಮನೆಮನೆಗೆ ಹೋಗಿ ಮದುವೆಗೆ ಕರೆದ ಹಾಗೆ ಕರೆದು ಬಂದಿದ್ದೇನೆ. ಮಣ್ಣಿನವರು ಇಬ್ಬರು, ಮರದ ಶಾಲೆಯಿಂದ ಒಬ್ಬಳು, ವಾಸ್ತುಶಿಲ್ಪದವರು ಮೂವರು ಬರುತ್ತಾರೆ. ಯಂತ್ರದವರು, "ಇಗರ್ಜಿಯಲ್ಲಿ ನಮ್ಗೇನು ಕೆಲ್ಸ?" ಅಂದರು.

ತುಂಬಾ ಅಡುಗೆ ಮಾಡಬೇಡ. ತುಂಬಾ ಆಸೆಯನ್ನೂ ಇಟ್ಟುಕೊಳ್ಳಬೇಡ.

ಒಡೆಟ್

*

ಪೆತಿತ್-ಆನ್ಸ್
30 ಅಕ್ಟೋಬರ್ 1995

ಪ್ರೀತಿಯ ಒಡೆಟ್,

ನೀವೆಲ್ಲ ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ತುರಿದ ಆಲೂಗಡ್ಡೆಯ ರಾಪ್ಯೂರ್ ಇನ್ನೂ ಅರ್ಧ ತಟ್ಟೆ ಉಳಿದಿದೆ. ನೀನು ಬೇಡ ಅಂದಿದ್ದಕ್ಕೇ ಎರಡು ಕೋಳಿ ಹಾಕಿ ಮಾಡಿದ್ದೆ. ಮಣ್ಣಿನ ಹುಡುಗರು ಮೊದಲು ಅದನ್ನು ನೋಡಿ ಗೋಂದೋ ಏನೋ ಅಂದುಕೊಂಡರು. ಆಮೇಲೆ ಮೂರು ಸಲ ಹಾಕಿಸಿಕೊಂಡರು.

ಜೆರ್ಮೇನಳಿಗೆ ನಿಮ್ಮ ವಿಭಾಗಗಳ ವಿಷಯ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. "ಅಯ್ಯೋ, ನಮ್ಮ ಸಂತರ ಥರಾನೇ ಕಣೆ. ಸಾಮಾನು ಕಳೆದ್ರೆ ಸಂತ ಅಂತೋಣಿ, ಗಂಟ್ಲು ನೋವಿಗೆ ಸಂತ ಬ್ಲೇಸ್. ಒಬ್ರ ಕೆಲ್ಸಕ್ಕೆ ಇನ್ನೊಬ್ರು ಕೈ ಹಾಕಲ್ಲ" ಅಂದಳು. ಮಣ್ಣಿನವರು ಹೊರಗೆ ಅಗೆದು, ಮೂಸಿ, "ನೆಲ ಒಣಗಿ ಗಟ್ಟಿಯಾಗಿದೆ ತಾಯಿ, ನಮ್ಮ ಕಡೆಯಿಂದ ಏನೂ ತೊಂದ್ರೆ ಇಲ್ಲ" ಅಂದರು. ವಾಸ್ತುಶಿಲ್ಪದವರು ಕತ್ತೆತ್ತಿ ಚಾವಣಿ ನೋಡಿ ನೋಡಿ, "ಇದು ಮಗುಚಿದ ಹಡಗು!" ಅಂದು ಗೀಟು ಎಳೆಯುತ್ತಾ ಕೂತರು. ಹಡಗು ಕಟ್ಟುವವರೇ ಕಟ್ಟಿದ್ದಲ್ಲವೇ, ಹಡಗಿನ ಹಾಗಲ್ಲದೆ ಇನ್ನು ಹೇಗಿರುತ್ತದೆ?

ಮರದ ಶಾಲೆಯ ಆ ಮಾತಿಲ್ಲದ ಹುಡುಗಿ ಮಾತ್ರ ಉತ್ತರದ ಗೋಡೆಯ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಹಲಗೆಯೊಂದನ್ನು ಸಡಿಲಿಸಿ ಒಳಗೆ ಚಾಕು ಚುಚ್ಚಿದಳು. ಹಿಡಿಯವರೆಗೂ ಹೋಯಿತು. ಅವಳು ನಿನ್ನ ಕಡೆ ನೋಡಿದಳು. ನೀನು ನನ್ನ ಕಡೆ ನೋಡಲಿಲ್ಲ.

ಆ ಹಲಗೆ ಹೊಡೆಸಿದಾಗ ನೀನು ಚಿಕ್ಕವಳು, ನೆನಪಿದೆಯೋ ಇಲ್ಲವೋ. ನಿನ್ನ ಅಪ್ಪನ ಅಂತ್ಯಕ್ರಿಯೆಯ ಪೂಜೆ ಜನವರಿಯಲ್ಲಿ. ಇಗರ್ಜಿಯ ಒಳಗೇ ಬಾಯಲ್ಲಿ ಹೊಗೆ ಬರುವಷ್ಟು ಚಳಿ. ನಿನ್ನ ಅಜ್ಜಿ ಮಗನ ಪೆಟ್ಟಿಗೆಯ ಪಕ್ಕದಲ್ಲಿ ನಡುಗುತ್ತಾ ಕೂತವಳು, ತಪಸ್ಸುಕಾಲದ ಉಪವಾಸ ಶುರುವಾಗುವ ಮೊದಲೇ ಅವಳೂ ಹೊರಟುಹೋದಳು. ಆವತ್ತು ಹರಕೆ ಹೊತ್ತೆ, ಇನ್ನು ಈ ಇಗರ್ಜಿಯಲ್ಲಿ ಯಾರೂ ಚಳಿಗೆ ನಡುಗಬಾರದು ಅಂತ. ಸಂತ ಅನ್ನಮ್ಮನ ಸಂಘದ ಹೆಂಗಸರನ್ನೆಲ್ಲ ಸೇರಿಸಿ, ಊಟ ಮಾರಿ, ಹಚ್ಚಡ ಹೊಲಿದು ಮಾರಿ, ಗೋಡೆಗಳಿಗೆ ಹೊರಗಡೆಯಿಂದ ಬೆಳ್ಳಿಕಾಗದ ಅಂಟಿಸಿದ ಫೋಮ್ ಹಾಳೆ, ಅದರ ಮೇಲೆ ಬಿಳಿ ಹಲಗೆ ಹೊಡೆಸಿದೆವು. ಒಳಗೆ ಗ್ಯಾಸಿನ ಒಲೆಗಳೂ ಬಂದವು. ನಾನು ಬದುಕಿನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ ಅಂದರೆ ಅದೇ. ನಿನ್ನನ್ನು ಓದಿಸಿದ್ದು ಎರಡನೆಯದು.

ಚಾಕು ಹೋಯಿತು ಅಂದರೆ ಏನು? ಬರೆ.

ಅಮ್ಮ

*

26 ನವೆಂಬರ್ 1995

ಅಮ್ಮ,

ಸುತ್ತಿಬಳಸಿ ಬರೆಯುವುದಿಲ್ಲ. ಅಡಿಪಾಯದ ಕಲ್ಲಿನ ಮೇಲೆ ಗೋಡೆಯುದ್ದಕ್ಕೂ ಮಲಗಿಸಿರುವ ದಪ್ಪ ತೊಲೆ ಕೊಳೆತುಹೋಗಿದೆ. ಗಂಟೆಗೋಪುರದ ಒಂದು ಮೂಲೆಯ ಕಂಬ ನಿಂತಿರುವುದು ಅದರ ಮೇಲೆ. ಚಳಿಗಾಲದ ಒಂದು ದೊಡ್ಡ ಗಾಳಿ ಬೀಸಿದರೆ ಗೋಪುರ ಒಳಕ್ಕೇ ಬರಬಹುದು, ಬೆಂಚುಗಳ ಮೇಲೆ. ಮೊದಲ ವರದಿ ಫಾದರ್‌ಗೆ ಕಳಿಸಿದ್ದೇವೆ. ಕೂಡಲೇ ಮುಚ್ಚಬೇಕು.

ಕೊಳೆತದ್ದಕ್ಕೆ ಕಾರಣ ಹಲವು. ಹಳೇ ಮರ, ಸಮುದ್ರದ ಗಾಳಿ. ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಕ್ಷಮಿಸು.

ಒಡೆಟ್

*

ಪೆತಿತ್-ಆನ್ಸ್
3 ಡಿಸೆಂಬರ್ 1995

ಒಡೆಟ್,

ಫಾದರ್ ಇವತ್ತು ಪೂಜೆಯ ಕೊನೆಯಲ್ಲಿ ನಿನ್ನ ವರದಿ ಓದಿದರು. ನಿನ್ನ ಹೆಸರನ್ನೂ ಓದಿದರು. ಜನ ನನ್ನ ಕಡೆ ತಿರುಗಿ ನೋಡಿದರು. ಲಾಬ್‌ಸ್ಟರ್ ಹಿಡಿಯಲು ಹೋಗಿ ಬಂದ ಗಂಡಸರು ಬೂಟಿನಲ್ಲೇ ನಿಂತಿದ್ದರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಂದೇ ಮಾತು ಕೇಳುತ್ತೇನೆ. ಕ್ರಿಸ್‌ಮಸ್ಸಿನ ನಡುರಾತ್ರಿಯ ಪೂಜೆ ಒಂದು ಆಗಲಿ. ಅದಾದ ಮೇಲೆ ನಾನೇ ಬೀಗ ಹಾಕಿ ಬೀಗದ ಕೈ ಕೊಡುತ್ತೇನೆ. ‘ಹೊಸ ವರ್ಷದವರೆಗೆ ನಿಲ್ಲುತ್ತದೆ’ ಅಂತ ಒಂದು ಸಾಲು ಬರೆ. ಇಷ್ಟು ವರ್ಷ ನಿಂತದ್ದು ಇನ್ನು ಮೂರು ವಾರ ನಿಲ್ಲುವುದಿಲ್ಲವೇ? ಸಂತ ಅನ್ನಮ್ಮ ತನ್ನ ಮನೆಯನ್ನು ತನ್ನ ಮಕ್ಕಳ ಮೇಲೇ ಬೀಳಿಸುತ್ತಾಳೆಯೇ?

ಅಮ್ಮ

*

10 ಡಿಸೆಂಬರ್ 1995

ಅಮ್ಮ,

ಆ ಸಾಲು ನಾನು ಬರೆಯಲಾರೆ.

ಗೋಪುರದ ಮೂಲೆಯ ಕೆಳಗೆ ಇರುವುದು ನಮ್ಮ ಬೆಂಚು. ನೀನು ಕೂರುವ ಜಾಗ.

ಕ್ರಿಸ್‌ಮಸ್ಸಿಗೆ ಬರುತ್ತಿಲ್ಲ. ಲೆಕ್ಕ ಮುಗಿದಿಲ್ಲ.

ಒಡೆಟ್

*

ಪೆತಿತ್-ಆನ್ಸ್
18 ಫೆಬ್ರವರಿ 1996

ಒಡೆಟ್,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಬರಬಾರದ ಮಾತು ಬರುತ್ತಿತ್ತು, ಹರಿದು ಒಲೆಗೆ ಹಾಕುತ್ತಿದ್ದೆ.

ಕ್ರಿಸ್‌ಮಸ್ ಪೂಜೆ ಅಗ್ನಿಶಾಮಕದವರ ಷೆಡ್ಡಿನಲ್ಲಿ ಆಯಿತು. ಗಾಡಿಗಳನ್ನು ಹಿಮದಲ್ಲಿ ಹೊರಗೆ ನಿಲ್ಲಿಸಿ ನಮಗೆ ಜಾಗ ಬಿಟ್ಟರು. ಬಲಿಪೀಠಕ್ಕೆ ಇಸ್ಪೀಟು ಆಡುವ ಮೇಜು. ಡೀಸೆಲ್ ವಾಸನೆಯಲ್ಲಿ ಧೂಪದ ವಾಸನೆಯೇ ಬರಲಿಲ್ಲ. "ದನದ ಕೊಟ್ಟಿಗೇಲಿ ಹುಟ್ಟಿದವ್ನಿಗೆ ಇದೇನು ಕಷ್ಟ ಬಿಡೆ" ಅಂದಳು ಜೆರ್ಮೇನ್. ಅವಳಿಗೆ ನಗು ಬಂತು, ನನಗೆ ಬರಲಿಲ್ಲ. ಮುದುಕರಲ್ಲಿ ಅರ್ಧ ಜನ ಬರುವುದನ್ನೇ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಇಗರ್ಜಿಯನ್ನು ಕೆಡವುತ್ತಾರಂತೆ.

ಒಂದು ಸಮಾಚಾರಕ್ಕೆ ಬರೆಯುತ್ತಿದ್ದೇನೆ. ಪಕ್ಕದ ಸೇಂಟ್-ಬೆನ್ವಾದ ಹೆಂಗಸರು ನಮ್ಮನ್ನು ನೋಡಿಯೇ ತಮ್ಮ ಇಗರ್ಜಿಗೂ ಹಲಗೆ ಹೊಡೆಸುತ್ತಿದ್ದಾರೆ. ಉತ್ತರದ ಗೋಡೆಗೆ ಹೋದ ಬೇಸಿಗೆಯಲ್ಲೇ ಆಯಿತು. ಉಳಿದ ಗೋಡೆಗಳಿಗೆ ಪುನರುತ್ಥಾನದ ಪಾಸ್ಕ ಹಬ್ಬದ ನಂತರ. ಅದಕ್ಕೆ ಸಹಾಯಾರ್ಥ ಊಟ ಇಟ್ಟುಕೊಂಡಿದ್ದಾರೆ, ನಾನು ಬಂದು ನಾಲ್ಕು ಮಾತಾಡಬೇಕಂತೆ. ಅವರ ಸಂಘದ ಯುಲಾಲಿ ಮನೆಗೇ ಬಂದು ಕರೆದಳು. ಈ ಚಳಿಗಾಲದಲ್ಲಿ ನನ್ನನ್ನು ಯಾರಾದರೂ ಮರ್ಯಾದೆಯಿಂದ ಕರೆದದ್ದು ಇದೊಂದೇ. ಬರುತ್ತೇನೆ ಅಂದಿದ್ದೇನೆ.

ಮುಂದಿನ ತಿಂಗಳು ಇಂಜಿನಿಯರ್ ಆಗುವ ನಿಮಗೆಲ್ಲ ಕಬ್ಬಿಣದ ಉಂಗುರ ಹಾಕುವ ಶಾಸ್ತ್ರ ಅಂತ ನೀನು ಹೇಳಿದ್ದೆ. ನಾನು ಬರಬಹುದೇ? ಬರಬೇಡ ಅಂದರೂ ಸರಿ.

ಅಮ್ಮ

*

27 ಫೆಬ್ರವರಿ 1996

ಪ್ರೀತಿಯ ಅಮ್ಮ,

ಉಂಗುರದ ಶಾಸ್ತ್ರಕ್ಕೆ ಯಾರ ಅಮ್ಮಂದಿರೂ ಬರುವ ಹಾಗಿಲ್ಲ. ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಉಂಗುರ ಇರುವವರು, ಉಂಗುರ ತೆಗೆದುಕೊಳ್ಳುವವರು, ಅಷ್ಟೇ. ಎಲ್ಲ ಶಾಲೆಯವರೂ ಒಂದೇ ಕೋಣೆಯಲ್ಲಿ ಸೇರುವುದು ವರ್ಷಕ್ಕೆ ಆ ಒಂದು ದಿನ. ಕೆಟ್ಟ ಕೆಲಸವನ್ನು ನೋಡಿಯೂ ನೋಡದ ಹಾಗೆ ಬಿಡುವುದಿಲ್ಲ ಅಂತ ಮಾತು ಕೊಡಬೇಕು. ಬರೆಯುವ ಕೈಯ ಕಿರುಬೆರಳಿಗೆ ಹಾಕುತ್ತಾರೆ, ಏನು ಬರೆದರೂ ಅದು ಕಾಗದಕ್ಕೆ ತಗಲುತ್ತಿರಲಿ ಅಂತ.

ನನಗೆ ಆ ಉಂಗುರ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಕ್ರೌಡಿಸ್ ಸರ್ ನನ್ನ ಕೊನೆಯ ವರದಿಯನ್ನು ವಾಪಸ್ಸು ಕೊಟ್ಟರು. ‘ಕಾರಣ ಹಲವು’ ಅನ್ನುವ ಸಾಲಿನ ಕೆಳಗೆ ಗೆರೆ ಎಳೆದಿದ್ದರು. "ಒಡೆಟ್, ನಿನ್ಗೆ ಕಾರಣ ಗೊತ್ತಿಲ್ವೋ, ಹೇಳೋಕೆ ಇಷ್ಟ ಇಲ್ವೋ?" ಅಂತ ಕೇಳಿದರು. "ಗೊತ್ತಿಲ್ದಿದ್ರೆ ಇನ್ನೊಂದು ವರ್ಷ ಓದು. ಇಷ್ಟ ಇಲ್ದಿದ್ರೆ ಈ ಕೆಲ್ಸಕ್ಕೇ ಬರ್ಬೇಡ" ಅಂದರು.

ನನಗೆ ಅಕ್ಟೋಬರಿನಿಂದ ಅನುಮಾನ, ನವೆಂಬರಿನಿಂದ ಖಾತ್ರಿ. ಮಣ್ಣಿನವರು ನೆಲ ಒಣಗಿದೆ ಅಂದರು. ಮರದವಳು ತೊಲೆ ನೆನೆದು ಕೊಳೆತಿದೆ ಅಂದಳು. ಚಾವಣಿ ಸೋರಿಲ್ಲ. ಹಾಗಾದರೆ ನೀರು ಬಂದದ್ದು ಎಲ್ಲಿಂದ? ಅದು ಮಣ್ಣಿನ ಶಾಲೆಯ ಪ್ರಶ್ನೆಯಲ್ಲ, ಮರದ ಶಾಲೆಯದೂ ಅಲ್ಲ. ಕೊನೆಗೆ ರಸ್ತೆ ದಾಟಿ ಶಾಖ, ಗಾಳಿಯವರ ಹತ್ತಿರ ಹೋದೆ. ಗೋಡೆಯ ಚಿತ್ರ ನೋಡಿದ ಕೂಡಲೇ ಅವರು ಹೇಳಿದರು.

ಜನ ಕೂತು ಹಾಡಿದರೆ, ಪ್ರಾರ್ಥಿಸಿದರೆ, ಉಸಿರಿನಲ್ಲಿ ನೀರಿನ ಅಂಶ ಇರುತ್ತದೆ. ಒದ್ದೆ ಕೋಟುಗಳಿಂದ, ಗ್ಯಾಸಿನ ಒಲೆಯಿಂದ ಇನ್ನಷ್ಟು. ಮುಂಚೆ ಅದು ಮರದ ಗೋಡೆಯ ಸಂದುಗಳಲ್ಲಿ ಹಾದು ಹೊರಗೆ ಹೋಗುತ್ತಿತ್ತು. ಚಳಿ ಬರುತ್ತಿದ್ದ ದಾರಿಯೂ ಅದೇ. ಬೆಳ್ಳಿಕಾಗದದ ಹಾಳೆ ಹೊಡೆಸಿದ ಮೇಲೆ ಹೋಗಲು ದಾರಿಯಿಲ್ಲ. ಉಸಿರು ಗೋಡೆಯೊಳಗೆ ಹೊಕ್ಕು, ಆ ತಣ್ಣನೆಯ ಕಾಗದಕ್ಕೆ ತಾಗಿ, ನೀರಾಗಿ, ಕೆಳಗಿಳಿದು ತೊಲೆಯಲ್ಲಿ ನಿಂತಿತು. ಪ್ರತಿ ಭಾನುವಾರ. ಅಷ್ಟೂ ವರ್ಷ.

ಇದನ್ನು ನಿನಗೆ ಹೇಳದೆ ಇರೋಣ ಅಂತಲೇ ಇದ್ದೆ. ಹೇಗೂ ಕೆಡವುತ್ತಾರೆ, ಕಾರಣ ಯಾಕೆ ಬೇಕು ಅಂದುಕೊಂಡೆ. ಈಗ ನೀನು ಸೇಂಟ್-ಬೆನ್ವಾಕ್ಕೆ ಹೋಗಿ ಮಾತಾಡುತ್ತೇನೆ ಅನ್ನುತ್ತೀ.

ನಿನ್ನೆ ಕಾರಣ ಬರೆದು ಕೊಟ್ಟೆ. ಜನ ಬೆಚ್ಚಗಿರಲಿ ಅಂತ ನೀನು ಮಾಡಿದ್ದು, ಅಮ್ಮ. ಅದನ್ನು ಬರೆಯುವುದಕ್ಕೆ ವರದಿಯಲ್ಲಿ ಜಾಗ ಇರಲಿಲ್ಲ.

ನಿನ್ನ
ಒಡೆಟ್

*

ಪೆತಿತ್-ಆನ್ಸ್
16 ಏಪ್ರಿಲ್ 1996

ಒಡೆಟ್,

ನಿನ್ನ ಆ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಪಾಸ್ಕಕ್ಕೆ ಬಂದಾಗ ನೀನೂ ಕೇಳಲಿಲ್ಲ. ಹ್ಯಾಮ್ ಚೆನ್ನಾಗಿದೆ ಅಂದೆ ನೀನು, ಇನ್ನೊಂದು ತುಂಡು ಹಾಕಿಕೋ ಅಂದೆ ನಾನು. ನೀನು ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ಎಡಗೈಯಲ್ಲಿ ಸೂಪು ಕುಡಿಯಲು ಹೋಗಿ ಬಟ್ಟೆಯ ಮೇಲೆ ಚೆಲ್ಲಿಕೊಂಡೆ. ನಾನು ನೋಡಿದೆ. ನೋಡದವಳ ಹಾಗೆ ಎದ್ದು ಒಲೆಯ ಹತ್ತಿರ ಹೋದೆ.

ಮೊನ್ನೆ ಭಾನುವಾರ ಸೇಂಟ್-ಬೆನ್ವಾಕ್ಕೆ ಹೋಗಿದ್ದೆ. ಜೆರ್ಮೇನ್ ಗಾಡಿಯಲ್ಲಿ ಕರೆದುಕೊಂಡು ಹೋದಳು. ಊಟದ ಹಾಲಿನಲ್ಲಿ ಮುಂದಿನ ಕುರ್ಚಿ, ಎದೆಗೆ ಕಾಗದದ ಹೂವು. ಯುಲಾಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನಾನು ಎದ್ದು ನಿಂತೆ. ಮನೆಯಲ್ಲಿ ಯೋಚಿಸಿಟ್ಟುಕೊಂಡ ಮಾತೊಂದೂ ಬಾಯಿಗೆ ಬರಲಿಲ್ಲ.

"ನಮ್ಮ ಇಗರ್ಜಿ ಕೊಳೆತದ್ದು ಆ ಹಲಗೆಯಿಂದ್ಲೇ. ನೀವು ಹೊಡೆಸ್ಬೇಡಿ" ಅಂದೆ.

"ಯಾರು ಹೇಳಿದ್ದು?" ಅಂದಳು ಯುಲಾಲಿ.

"ನನ್ನ ಮಗ್ಳು."

"ನಿನ್ನ ಮಗ್ಳು ನಿಮ್ಮದನ್ನ ಮುಚ್ಚಿಸಿದ್ಲು, ಈಗ ನಮ್ಮದಕ್ಕೆ ಬಂದ್ಲಾ?"

ಹಿಂದಿನಿಂದ ಯಾರೋ, "ತಮ್ಗಿಲ್ಲದ್ದು ನಮ್ಗೂ ಇರ್ಬಾರ್ದು ಅಂತ ಹೊಟ್ಟೆಕಿಚ್ಚು" ಅಂದರು. ಜೆರ್ಮೇನ್ ಎದ್ದೇಬಿಟ್ಟಳು, "ಹೊಟ್ಟೆಕಿಚ್ಚು ಪಡೋಕೆ ನಿಮ್ಮ ಹತ್ರ ಏನಿದೆಯೇ, ಈ ಉಪ್ಪಿಲ್ಲದ ಸೂಪಾ?" ಅವಳ ಸ್ವೆಟರನ್ನೇ ಹಿಡಿದು ಎಳೆದು ಕೂರಿಸಿದೆ.

"ಉತ್ತರದ ಗೋಡೆಗೆ ಹೊಡ್ದಿದೀರಲ್ಲ, ಒಂದು ಚಳಿಗಾಲ ಕಳ್ದಿದೆ. ಬುಡದಲ್ಲಿ ಒಂದೇ ಒಂದು ಹಲಗೆ ಬಿಚ್ಚಿ, ಕೈ ಇಟ್ಟು ನೋಡಿ. ಒಣಗಿದ್ರೆ ನಾನು ನಿಮ್ಮ ಮುಂದೆ ಮೊಣಕಾಲೂರಿ ಕ್ಷಮೆ ಕೇಳ್ತೀನಿ" ಅಂದೆ.

ಎಲ್ಲರೂ ಹೊರಗೆ ಹೋದೆವು. ಯುಲಾಲಿಯ ಗಂಡ ಸುತ್ತಿಗೆ ತಂದು ಬಿಚ್ಚಿದ. ಯುಲಾಲಿ ಬಗ್ಗಿ ಕೈ ಹಾಕಿದಳು. ಎಷ್ಟು ಹೊತ್ತು ಹಾಗೇ ಇದ್ದಳೋ. ಆಮೇಲೆ ಎದ್ದು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಲಂಗದ ಮೇಲೆ ಒದ್ದೆ ಗುರುತು ಮೂಡಿತು. ಒಳಗೆ ಹೋದಳು.

ನಮಗೆ ಯಾರೂ ಟೀ ಕೊಡಲಿಲ್ಲ. ಎದೆಯ ಹೂವನ್ನು ನಾನೇ ತೆಗೆದು ಮೇಜಿನ ಮೇಲೆ ಇಟ್ಟು ಬಂದೆ. ಇವತ್ತು ಕೇಳಿದೆ, ಹೊಡೆಸಿದ್ದನ್ನು ಬಿಚ್ಚಿಸುತ್ತಾರಂತೆ. ಅಂಗಡಿಯಲ್ಲಿ ಆ ಊರಿನವರು ನನ್ನನ್ನು ಕಂಡರೆ ಬೇರೆ ಸಾಲಿಗೆ ಹೋಗುತ್ತಾರೆ.

ಉಂಗುರವನ್ನು ಮುಚ್ಚಿಕೊಳ್ಳಬೇಡ.

ಅಮ್ಮ

*

ಪೆತಿತ್-ಆನ್ಸ್
9 ಜೂನ್ 1996

ಪ್ರೀತಿಯ ಮಗಳೇ,

ನಿನ್ನ ಪದವಿ ಸಮಾರಂಭದಿಂದ ಬಂದ ಮೇಲೆ ಬರೆಯಬೇಕು ಅಂದುಕೊಂಡಿದ್ದೆ. ಅಲ್ಲಿ ಒಂದೊಂದು ಶಾಲೆಯ ಹೆಸರು ಕೂಗಿದಾಗಲೂ ಒಂದೊಂದು ಗುಂಪು ಎದ್ದು ತನಗೆ ತಾನೇ ಚಪ್ಪಾಳೆ ಹೊಡೆದುಕೊಳ್ಳುತ್ತಿತ್ತು. ನಾನು ಎಲ್ಲರಿಗೂ ಹೊಡೆದೆ. ಮಣ್ಣಿನವರಿಗೂ ಹೊಡೆದೆ, ಇಗರ್ಜಿಯಲ್ಲಿ ನಮಗೇನು ಕೆಲಸ ಅಂದ ಯಂತ್ರದವರಿಗೂ ಹೊಡೆದೆ. ಪಕ್ಕದ ಹೆಂಗಸು, "ನಿಮ್ಮ ಮಕ್ಳು ಯಾವ ವಿಭಾಗ?" ಅಂತ ಕೇಳಿದಳು. ನಾನು ಮುಂದಿನ ಗುಂಪಿಗೂ ಚಪ್ಪಾಳೆ ಹೊಡೆದೆ.

ಈ ವಾರ ಇಗರ್ಜಿ ಕೆಡವಿದರು. ಬರಬೇಡ ಅಂದರು ಎಲ್ಲರೂ, ಫಾದರ್ ಕೂಡ. ಹೋದೆ. ಮೊದಲು ಗಂಟೆ ಇಳಿಸಿದರು, ಆಮೇಲೆ ಸಂತ ಜೋಸೆಫರನ್ನು, ಸಂತ ಅನ್ನಮ್ಮನನ್ನು. ಆಮೇಲೆ ಗೋಡೆಯ ಬಿಳಿ ಹಲಗೆ ಬಿಚ್ಚಲು ಶುರು ಮಾಡಿದರು. ಎಷ್ಟು ಸುಲಭವಾಗಿ ಬಂತು ಅದು! ಬೆಳ್ಳಿಕಾಗದ ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯಿತು. ಅದರ ಹಿಂದಿನ ಮರ ಕಪ್ಪಗಿತ್ತು.

ಕೆಲಸದವರು ಊಟಕ್ಕೆ ಕೂತಾಗ ನಾನು ಹತ್ತಿರ ಹೋದೆ. ಮರದ ಮೇಲೆ ಕೈ ಇಟ್ಟೆ. ಜೂನ್ ತಿಂಗಳಲ್ಲೂ ಒದ್ದೆ. ಮೂಗು ಹತ್ತಿರ ಒಯ್ದೆ. ಒದ್ದೆ ಉಣ್ಣೆ ಕೋಟಿನ ವಾಸನೆ, ಮೇಣದ ವಾಸನೆ. ನಾವು ಹೇಳಿದ ಎಲ್ಲ ಜಪಸರ, ಹಾಡಿದ ಎಲ್ಲ ಹಾಡು ಇಲ್ಲೇ ಇತ್ತು ಅನ್ನಿಸಿತು. ನಾವು ಅದು ಮೇಲಕ್ಕೆ ಹೋಗುತ್ತಿದೆ ಅಂದುಕೊಂಡಿದ್ದೆವು.

ನಿನ್ನ ಅಪ್ಪನ ಉಸಿರೂ ಇದರಲ್ಲಿ ಇರಬಹುದು ಅಂದುಕೊಂಡೆ. ಅವನು ಎಷ್ಟು ಗಟ್ಟಿಯಾಗಿ ಹಾಡುತ್ತಿದ್ದ, ನಿನಗೆ ನೆನಪಿರಲಾರದು. ಒಂದು ಚೂರು ಮುರಿದು ಮನೆಗೆ ತರೋಣ ಅಂತ ಕೈಗೆ ತೆಗೆದುಕೊಂಡೂ ಬಿಟ್ಟಿದ್ದೆ. ಆಮೇಲೆ ನೆನಪಾಯಿತು. ಹಲಗೆ ಹೊಡೆಸಿದ್ದು ಅವನು ಹೋದ ಮೇಲಲ್ಲವೇ? ಅವನ ಉಸಿರು ಆಗಲೇ ಸಂದುಗಳಿಂದ ಹೊರಗೆ ಹೋಗಿಯಾಗಿತ್ತು. ಇದರಲ್ಲಿ ಇದ್ದದ್ದು ನನ್ನದೇ.

ಆ ಚೂರನ್ನು ಅಲ್ಲೇ ಇಟ್ಟು ಬಂದೆ.

ನಿನ್ನ ಅಮ್ಮ
ಲಿಯೊನಿ